ಮೇ ತಿಂಗಳಲ್ಲಿ ಮೈಕ್ ಹಿಡಿಯುವ ಮುನ್ನ: ಅಮೆರಿಕದ ಕನ್ನಡಿಗರಿಗೊಂದು ಬಹಿರಂಗ ಪತ್ರ

ಅಮೆರಿಕದ ಊರುಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡದ ಬಂಧುಗಳಿಗೆ,

ಏಪ್ರಿಲ್-ಮೇ ಬಂತೆಂದರೆ ಕ್ಯಾಲಿಫೋರ್ನಿಯಾದ ಹಲವು ಸಿಟಿ ಕೌನ್ಸಿಲ್‌ಗಳಲ್ಲಿ ಒಂದೇ ದೃಶ್ಯ. ಕಾರ್ಯಸೂಚಿಯ ಕೊನೆಯಲ್ಲೆಲ್ಲೋ 'ವಾರ್ಷಿಕ ಕ್ರಿಯಾ ಯೋಜನೆ, ಸಾರ್ವಜನಿಕ ವಿಚಾರಣೆ' ಎಂದಿರುತ್ತದೆ. ಮೈಕಿನ ಮುಂದೆ ನಿಂತವರಿಗೆ ಎರಡೋ ಮೂರೋ ನಿಮಿಷ. ಒಬ್ಬರು 'ನಮ್ಮ ಬೀದಿಯ ಪಕ್ಕದಲ್ಲಿ ಶೆಲ್ಟರ್ (ಮನೆಯಿಲ್ಲದವರ ತಂಗುದಾಣ) ಬೇಡ' ಅನ್ನುತ್ತಾರೆ. ಇನ್ನೊಬ್ಬರು 'ಟೆಂಟಿನಲ್ಲಿ ಮಲಗುವವರಿಗೆ ಮನೆ ಕಟ್ಟಿಸಿ' ಅನ್ನುತ್ತಾರೆ. ಸದಸ್ಯರು ಇಬ್ಬರಿಗೂ ತಲೆಯಾಡಿಸಿ, ಮತ ಹಾಕಿ, ಮುಂದಿನ ವಿಷಯಕ್ಕೆ ಹೋಗುತ್ತಾರೆ. ಎಲೆ ಎತ್ತಿದ ಮೇಲೆ ಒಬ್ಬಟ್ಟು ಕೇಳಿದ ಹಾಗೆ ಇದು. ಆ ಯೋಜನೆ ಹಂಚುವ ಒಕ್ಕೂಟ ಸರ್ಕಾರದ ವಸತಿ ಹಣ ಯಾರಿಗೆ ಎಂಬುದರ ಮುಕ್ಕಾಲು ಪಾಲು ಹಿಂದಿನ ಚಳಿಗಾಲದಲ್ಲೇ ನಿಶ್ಚಯವಾಗಿರುತ್ತದೆ. ಯಾವುದಕ್ಕೆ ಕೊಡಬಹುದು ಎಂಬುದಂತೂ ಎಷ್ಟೋ ಸಲ ಅದಕ್ಕೂ ಎರಡು-ಮೂರು ವರ್ಷ ಮೊದಲೇ ಬರೆದಿಟ್ಟಾಗಿರುತ್ತದೆ.

ಒಕ್ಕೂಟ ಸರ್ಕಾರದ ವಸತಿ ಅನುದಾನದ ಕಡತಗಳ ಜೊತೆ ಏಗುವ ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಶೆಲ್ಟರ್ ಪರವೋ ವಿರೋಧವೋ ಎಂಬ ಜಗಳಕ್ಕೆ ನಾವು ಇಳಿಯುವುದಿಲ್ಲ. ನೀವು ಯಾವ ಕಡೆ ಇದ್ದರೂ ಸರಿ, ತಪ್ಪು ತಿಂಗಳಲ್ಲಿ ತಪ್ಪು ಪ್ರಶ್ನೆ ಕೇಳುತ್ತಿದ್ದೀರಿ ಎನ್ನುವುದಷ್ಟೇ ನಮ್ಮ ತಕರಾರು.

ಮೊದಲು ಹಣದ ಗಾತ್ರ ಗೊತ್ತಿರಲಿ. ನಗರಗಳಿಗೆ ಬರುವ ಮುಖ್ಯ ಅನುದಾನಗಳು ನಾಲ್ಕು, ನಾಲ್ಕೂ ಹಡ್ ಎಂದು ಕರೆಯುವ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯಿಂದ. ಸಿಡಿಬಿಜಿ, ಅಂದರೆ ಸಮುದಾಯ ಅಭಿವೃದ್ಧಿ ಬ್ಲಾಕ್ ಗ್ರಾಂಟ್, 1974ರ ಕಾಯ್ದೆಯ ಕೂಸು. ಮನೆ ಕಟ್ಟಲು, ಕೊಳ್ಳಲು ಕೊಡುವ 'ಹೋಮ್' 1990ರದ್ದು. ಮನೆಯಿಲ್ಲದವರಿಗಾಗಿ ಇರುವ ಇಎಸ್‌ಜಿ, ಅಂದರೆ ಎಮರ್ಜೆನ್ಸಿ ಸಲ್ಯೂಷನ್ಸ್ ಗ್ರಾಂಟ್‌ನ ಬೇರು 1987ರ ಮೆಕಿನ್ನಿ ಕಾಯ್ದೆಯಲ್ಲಿದೆ; 2009ರ ತಿದ್ದುಪಡಿ ಅದರ ಹೆಸರಿನಲ್ಲಿದ್ದ 'ಶೆಲ್ಟರ್' ತೆಗೆದು 'ಸಲ್ಯೂಷನ್ಸ್' ಮಾಡಿತು. ಎಚ್ಐವಿ ಇರುವವರ ವಸತಿಗೆ ಹೋಪ್ವಾ ಇದೆ, ಅದು ದೊಡ್ಡ ಮಹಾನಗರ ಪ್ರದೇಶಗಳಿಗೆ ಮತ್ತು ರಾಜ್ಯಗಳಿಗೆ ಬರುತ್ತದೆ. 2024ರ ಆಯವ್ಯಯದಲ್ಲಿ ಇಡೀ ದೇಶಕ್ಕೆ ಸಿಡಿಬಿಜಿ ಸುಮಾರು 330 ಕೋಟಿ ಡಾಲರ್, ಹೋಮ್ 125 ಕೋಟಿ, ಇಎಸ್‌ಜಿ 29 ಕೋಟಿ. ಸಿಡಿಬಿಜಿಯೊಂದನ್ನೇ ಸುಮಾರು 1,200 ನಗರ, ಕೌಂಟಿ, ರಾಜ್ಯಗಳು ಹಂಚಿಕೊಳ್ಳುತ್ತವೆ. ಅದೇ 2024ರ ಜನವರಿ ಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದೆ ಸಿಕ್ಕವರು 7,71,480 ಜನ, ಹಿಂದಿನ ವರ್ಷಕ್ಕಿಂತ ಶೇ 18 ಹೆಚ್ಚು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂದರೆ ಇದೇ. ಬಡ ಕುಟುಂಬಗಳ ಬಾಡಿಗೆಗೆ ನೆರವಾಗುವ ಸೆಕ್ಷನ್ 8 ವೌಚರ್ ಈ ಲೆಕ್ಕದಲ್ಲಿಲ್ಲ. ಅದು ಹೌಸಿಂಗ್ ಅಥಾರಿಟಿಗೆ ನೇರವಾಗಿ ಹೋಗುತ್ತದೆ, ನಿಮ್ಮ ಕೌನ್ಸಿಲ್ ಕೈಯಲ್ಲಿಲ್ಲ. ವೌಚರ್ ಕಾಯುವ ಪಟ್ಟಿ ಏಕೆ ಮುಚ್ಚಿದೆ ಎಂದು ಮೇಯರ್‌ಗೆ ಬೈದರೆ ಪ್ರಯೋಜನವಿಲ್ಲ.

ಯಾವ ಊರಿಗೆ ಎಷ್ಟು ಎಂಬುದನ್ನು ಸೂತ್ರ ನಿರ್ಧರಿಸುತ್ತದೆ, ಅರ್ಜಿಯಲ್ಲ. ಮಹಾನಗರ ಪ್ರದೇಶದೊಳಗಿನ ಮುಖ್ಯ ನಗರಗಳಿಗೆ ಮತ್ತು 50,000 ಜನಸಂಖ್ಯೆ ದಾಟಿದ ಇತರ ನಗರಗಳಿಗೆ ಸಿಡಿಬಿಜಿ ಹಕ್ಕಾಗಿ ಬರುತ್ತದೆ. ಲೆಕ್ಕ ಹಾಕಲು ಎರಡು ಸೂತ್ರಗಳಿವೆ. ಒಂದರಲ್ಲಿ ಬಡತನಕ್ಕೆ ಅರ್ಧ ತೂಕ, ಜನಸಂಖ್ಯೆಗೆ ಕಾಲು, ಒಂದೇ ಮನೆಯಲ್ಲಿ ಕಿಕ್ಕಿರಿದು ವಾಸಿಸುವವರಿಗೆ ಕಾಲು. ಇನ್ನೊಂದರಲ್ಲಿ 1940ಕ್ಕೆ ಮೊದಲು ಕಟ್ಟಿದ ಮನೆಗಳಿಗೇ ಅರ್ಧ ತೂಕ. ಎರಡರಲ್ಲಿ ಯಾವುದು ಹೆಚ್ಚೋ ಅದು ನಗರದ ಪಾಲು. ಹಾಗಾಗಿ ಹಳೇ ಮರದ ಮನೆಗಳ ಬಫಲೊ, ಕ್ಲೀವ್‌ಲ್ಯಾಂಡ್‌ಗಳಿಗೆ ಎರಡನೆಯ ಸೂತ್ರ ಒಲಿಯುತ್ತದೆ. ನಮ್ಮವರು ತುಂಬಿರುವ ಫ್ರೀಮಾಂಟ್, ಸನಿವೇಲ್, ಫ್ರಿಸ್ಕೊಗಳಂಥ ಊರುಗಳು ಬೆಳೆದದ್ದೇ ಎರಡನೆಯ ಮಹಾಯುದ್ಧದ ನಂತರ. ಬಾಡಿಗೆ ಆಕಾಶದಲ್ಲಿದ್ದರೂ ಸೂತ್ರಕ್ಕೆ ಅದು ಕಾಣುವುದಿಲ್ಲ, ಏಕೆಂದರೆ ಬಾಡಿಗೆಯ ಏರಿಕೆ ಸೂತ್ರದಲ್ಲೇ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ನಗರಕ್ಕೆ ವರ್ಷಕ್ಕೆ 20 ಲಕ್ಷ ಡಾಲರ್ ಸಿಡಿಬಿಜಿ ಬಂತು ಎಂದಿಟ್ಟುಕೊಳ್ಳಿ. ಇದರಲ್ಲಿ ಆಡಳಿತ ಮತ್ತು ಯೋಜನೆಗೆ ಹೆಚ್ಚೆಂದರೆ ಶೇ 20, ಅಂದರೆ 4 ಲಕ್ಷ. ಸಾರ್ವಜನಿಕ ಸೇವೆಗಳಿಗೆ ಹೆಚ್ಚೆಂದರೆ ಶೇ 15, ಅಂದರೆ 3 ಲಕ್ಷ. ಹಿಂದಿನ ಸಾಲಗಳು ಮರಳಿ ಬಂದ ಹಣವಿದ್ದರೆ ಮಿತಿ ತುಸು ಹಿಗ್ಗುತ್ತದೆ. ಉಳಿದ 13 ಲಕ್ಷ ಕಟ್ಟಡ, ದುರಸ್ತಿ, ಕಾಲುದಾರಿ, ಜಾಗ ಖರೀದಿ ಇತ್ಯಾದಿಗೆ. ಆಡಳಿತವನ್ನು ಬಿಟ್ಟು ಖರ್ಚಾದದ್ದರಲ್ಲಿ ಕನಿಷ್ಠ ಶೇ 70 ಕಡಿಮೆ ಮತ್ತು ಮಧ್ಯಮ ವರಮಾನದವರಿಗೆ ಉಪಯೋಗವಾಗಬೇಕು. ಇಲ್ಲಿ 'ಮಧ್ಯಮ' ಎಂದರೆ ಪ್ರದೇಶದ ಮಧ್ಯಕ ವರಮಾನದ ಶೇ 80ರೊಳಗೆ.

ಈ ಎಲ್ಲ ಅಂಕಿಗಳಲ್ಲಿ ನೀವು ಬಾಯಿಪಾಠ ಮಾಡಬೇಕಾದದ್ದು ಒಂದೇ: ಶೇ 15. ಶೆಲ್ಟರ್‌ನ ರಾತ್ರಿ ಸಿಬ್ಬಂದಿಯ ಸಂಬಳ, ಊಟ, ಬೀದಿಯಲ್ಲಿ ಓಡಾಡಿ ಜನರನ್ನು ಮಾತಾಡಿಸುವ ಕಾರ್ಯಕರ್ತ, ಬಾಡಿಗೆದಾರರಿಗೆ ವಕೀಲರ ನೆರವು, ಹಿರಿಯರಿಗೆ ಮನೆ ಬಾಗಿಲಿಗೆ ಊಟ, ಮಕ್ಕಳ ಡೇಕೇರ್, ಕೌಟುಂಬಿಕ ಹಿಂಸೆಯಿಂದ ಓಡಿಬಂದವರ ಸಹಾಯವಾಣಿ, ಎಲ್ಲವೂ ಈ 3 ಲಕ್ಷದ ಹೊಟ್ಟೆಯೊಳಗೇ ಬರಬೇಕು. ಆದರೆ ಶೆಲ್ಟರ್ ಕಟ್ಟಡ ಕಟ್ಟುವುದು ಸೇವೆಯಲ್ಲ, 'ಸಾರ್ವಜನಿಕ ಸೌಲಭ್ಯ'. ಅದಕ್ಕೆ ಆ 13 ಲಕ್ಷದಿಂದ ತೆಗೆಯಬಹುದು. ಪರಿಣಾಮ ಊಹಿಸಿ. ಕಟ್ಟಡಕ್ಕೆ ದುಡ್ಡಿದೆ, ರಾತ್ರಿ ಬಾಗಿಲು ತೆಗೆಯುವವನಿಗೆ ಸಂಬಳವಿಲ್ಲ. ರಿಬ್ಬನ್ ಕತ್ತರಿಸಿ ಎರಡು ವರ್ಷವಾಗುವುದರೊಳಗೆ ಹಾಸಿಗೆಗಳ ಸಂಖ್ಯೆ ಕಡಿತವಾಗುವುದು ಇದರಿಂದ. ಹಾಗಾಗಿ ಶೆಲ್ಟರ್ ಪ್ರಸ್ತಾವ ಬಂದಾಗ ಎಲ್ಲಿ ಕಟ್ಟುತ್ತಾರೆ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು 'ಮೂರನೆಯ ವರ್ಷದ ನಿರ್ವಹಣೆಯ ದುಡ್ಡು ಯಾವ ಖಾತೆಯಿಂದ?' ಎಂದು. ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಶೆಲ್ಟರ್ ಬೇಕೆನ್ನುವವರೂ ಅದನ್ನು ಒಪ್ಪಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಕೋವಿಡ್ ಕಾಲದಲ್ಲಿ ಈ ರೋಗ ಇನ್ನೂ ಬೆಳೆಯಿತು. 2020ರ ಕೇರ್ಸ್ ಕಾಯ್ದೆ ಸಿಡಿಬಿಜಿಗೆ 500 ಕೋಟಿ, ಇಎಸ್‌ಜಿಗೆ 400 ಕೋಟಿ ಡಾಲರ್ ಹೆಚ್ಚುವರಿ ಕೊಟ್ಟಿತು. ಕೋವಿಡ್ ಸಿಡಿಬಿಜಿಗೆ ಶೇ 15ರ ಮಿತಿಯನ್ನೂ ಎತ್ತಿಹಾಕಿತು. 2021ರಲ್ಲಿ ಹೋಮ್-ಎಆರ್‌ಪಿ ಎಂದು ಇನ್ನೊಂದು 500 ಕೋಟಿ. ಮೋಟೆಲ್‌ಗಳನ್ನು ಕೊಂಡರು, ಸಿಬ್ಬಂದಿ ನೇಮಿಸಿದರು. ಒಮ್ಮೆ ಮಾತ್ರ ಬರುವ ಹಣಕ್ಕೆ ಪ್ರತಿ ತಿಂಗಳ ಖರ್ಚನ್ನು ಕಟ್ಟಿಹಾಕಿದವರು ಈಗ ಪರದಾಡುತ್ತಿದ್ದಾರೆ. ಹೋಮ್-ಎಆರ್‌ಪಿ ಹಣ ಖರ್ಚಾಗಲು 2030ರ ಸೆಪ್ಟೆಂಬರ್ 30 ಗಡುವು. ನಿಮ್ಮ ನಗರದಲ್ಲಿ ಅದರಲ್ಲಿ ಎಷ್ಟು ಉಳಿದಿದೆ ಎಂದು ಕೇಳಿ ನೋಡಿ, ಕೆಲವೆಡೆ ಸೋಜಿಗದ ಉತ್ತರ ಸಿಗುತ್ತದೆ.

ಮತ್ತೆ ಆ 3 ಲಕ್ಷಕ್ಕೆ. ಹನ್ನೆರಡು ಸಂಸ್ಥೆಗಳು ಅರ್ಜಿ ಹಾಕುತ್ತವೆ, ಯಾರಿಗೂ ಬೇಜಾರಾಗಬಾರದೆಂದು ಕೌನ್ಸಿಲ್ ಹನ್ನೆರಡಕ್ಕೂ 25,000ದಂತೆ ಹಂಚುತ್ತದೆ. ಪ್ರಸಾದ ಹಂಚಿದ ಹಾಗೆ. ಆದರೆ 25,000ಕ್ಕೂ 2,50,000ಕ್ಕೂ ಒಕ್ಕೂಟದ ಕಾಗದಪತ್ರ ಹೆಚ್ಚೂಕಡಿಮೆ ಒಂದೇ: ಒಪ್ಪಂದ, ವಿಮೆ, ಪ್ರತಿ ಫಲಾನುಭವಿಯ ವರಮಾನ ದಾಖಲೆ, ತ್ರೈಮಾಸಿಕ ವರದಿ, ನಗರದಿಂದ ತಪಾಸಣೆ. ಸಣ್ಣ ಸಂಸ್ಥೆಯ ಅರ್ಧ ಹಣ ಅದನ್ನು ಪಡೆದದ್ದರ ಲೆಕ್ಕ ಕೊಡುವುದಕ್ಕೇ ಹೋಗುತ್ತದೆ. ಕನಿಷ್ಠ ಅನುದಾನ ಇಷ್ಟು ಎಂದು ಮಿತಿ ಹಾಕಿ, ಎರಡು ವರ್ಷದ ಒಪ್ಪಂದ ಮಾಡಿ, ನಾಲ್ಕೇ ಸಂಸ್ಥೆಗೆ ಕೊಡುವ ನಗರಗಳು ಜಾಣ ನಗರಗಳು. ಕೈಬಿಟ್ಟುಹೋದ ಎಂಟು ಸಂಸ್ಥೆಗಳ ಸಿಟ್ಟನ್ನು ಎದುರಿಸುವ ಧೈರ್ಯ ಬೇಕು ಅಷ್ಟೆ. ಆ ಎಂಟರಲ್ಲಿ ನಮ್ಮ ಸಮುದಾಯದ ಸಂಸ್ಥೆಯೂ ಇರಬಹುದು ಎಂದು ಗೊತ್ತಿದ್ದೇ ಹೇಳುತ್ತಿದ್ದೇವೆ.

ಹೋಮ್ ಹಣದ ಸ್ವಭಾವ ಬೇರೆ. ಸಿಡಿಬಿಜಿಯಿಂದ ಹೊಸ ಮನೆ ಕಟ್ಟುವುದು ಕೆಲವು ವಿನಾಯಿತಿ ಬಿಟ್ಟರೆ ನಿಷಿದ್ಧ. ಹೋಮ್ ಇರುವುದೇ ಕಟ್ಟಲು, ಕೊಳ್ಳಲು, ದುರಸ್ತಿಗೆ, ಬಾಡಿಗೆ ನೆರವಿಗೆ. 6 ಲಕ್ಷ ಬಂದರೆ ಶೇ 10 ಆಡಳಿತಕ್ಕೆ, ಶೇ 15 ಸಮುದಾಯ ಮೂಲದ ಲಾಭರಹಿತ ವಸತಿ ಸಂಸ್ಥೆಗಳಿಗೆ ಮೀಸಲು. ಉಳಿಯುವುದು ನಾಲ್ಕೂವರೆ ಲಕ್ಷ. ಆಡಳಿತದ ಪಾಲು ಬಿಟ್ಟು ಉಳಿದ 5.4 ಲಕ್ಷಕ್ಕೆ ಶೇ 25ರಂತೆ 1.35 ಲಕ್ಷ ಒಕ್ಕೂಟದ್ದಲ್ಲದ ಹಣವನ್ನು ಸ್ಥಳೀಯವಾಗಿ ಸೇರಿಸಬೇಕು. ತೀರಾ ಬಡ ನಗರಗಳಿಗೆ ಇದರಲ್ಲಿ ರಿಯಾಯಿತಿ ಉಂಟು. ಸ್ವಂತವಾಗಿ ಹೋಮ್ ಪಡೆಯುವಷ್ಟು ದೊಡ್ಡದಲ್ಲದ ನಗರಗಳು ಕೌಂಟಿಯ ಜೊತೆ ಕೂಟ ಕಟ್ಟಿಕೊಳ್ಳುತ್ತವೆ. ಫ್ರೀಮಾಂಟ್ ಅಲಮೀಡಾ ಕೌಂಟಿಯ ಕೂಟದಲ್ಲಿದೆ. ಅಂಥ ಊರಿನವರು ಹೋಮ್ ಬಗ್ಗೆ ಸಿಟಿ ಹಾಲ್‌ನಲ್ಲಿ ಮಾತ್ರ ಕೇಳಿದರೆ ಸಾಲದು, ಕೌಂಟಿಯ ಯೋಜನೆಯನ್ನೂ ತೆರೆಯಬೇಕು.

ಬೇ ಏರಿಯಾದಲ್ಲಿ ಒಂದು ಫ್ಲ್ಯಾಟ್ ಕಟ್ಟಲು ಹಲವು ಲಕ್ಷ ಡಾಲರ್ ಬೇಕು. ಹಾಗಾದರೆ ನಾಲ್ಕೂವರೆ ಲಕ್ಷಕ್ಕೆ ಒಂದು ಮನೆಯೂ ಏಳುವುದಿಲ್ಲ ಎಂದಾಯಿತು. ಎದ್ದು ನಿಲ್ಲುವ ಕಟ್ಟಡಗಳ ದೊಡ್ಡ ಭಾರ ಹೊರುವುದು 1986ರಲ್ಲಿ ಬಂದ ಕಡಿಮೆ ವರಮಾನದ ವಸತಿ ತೆರಿಗೆ ರಿಯಾಯಿತಿ. ಅದರ ಮೇಲೆ ರಾಜ್ಯದ ಸಾಲ, ಕೌಂಟಿಯ ಬಾಂಡ್, ಆಫೀಸು ಕಟ್ಟುವವರಿಂದ ನಗರ ವಸೂಲು ಮಾಡುವ ವಸತಿ ಶುಲ್ಕ. ಸಾಂತಾ ಕ್ಲಾರಾ ಕೌಂಟಿಯ ಮತದಾರರು 2016ರಲ್ಲಿ ಒಪ್ಪಿದ ಮೆಷರ್ ಎ ಒಂದೇ 95 ಕೋಟಿ ಡಾಲರ್‌ನ ಬಾಂಡ್. ಹೋಮ್ ಹಣ ಈ ಗೋಡೆಯಲ್ಲಿ ಉಳಿದ ಬಿರುಕಿಗೆ ಮೆತ್ತುವ ಗಾರೆ. ಗಾರೆಗೆ ಬೆಲೆಯಿಲ್ಲ ಎಂದಲ್ಲ. ನಗರ ಮೊದಲು ಒಂದಿಷ್ಟು ಹಾಕಿದೆ ಎಂದು ಕಂಡರೆ ತೆರಿಗೆ ರಿಯಾಯಿತಿಯ ಸ್ಪರ್ಧೆಯಲ್ಲಿ ಅಂಕ ಏರುತ್ತದೆ.

ಈ ಮನೆಗಳಲ್ಲಿ ಯಾರಿರುತ್ತಾರೆ ಎಂಬ ಬಗ್ಗೆ ನಮ್ಮವರಲ್ಲಿ ವಿಚಿತ್ರ ಕಲ್ಪನೆಗಳಿವೆ. 2024ರಲ್ಲಿ ಸಾಂತಾ ಕ್ಲಾರಾ ಕೌಂಟಿಯಲ್ಲಿ ನಾಲ್ವರ ಕುಟುಂಬದ ಮಧ್ಯಕ ವರಮಾನ 1,84,300 ಡಾಲರ್. ಅದರ ಅರ್ಧ, 92,150. ಹಡ್ ಭಾಷೆಯಲ್ಲಿ ಇದರೊಳಗಿರುವ ಕುಟುಂಬ 'ತೀರಾ ಕಡಿಮೆ ವರಮಾನ'ದ್ದು. ನಿಮ್ಮ ಮಗುವಿನ ಶಾಲೆಯ ಸಹಾಯಕಿ, ತಂದೆ-ತಾಯಿಯನ್ನು ನೋಡಿಕೊಳ್ಳಲು ಬರುವಾಕೆ, ಇಂಡಿಯನ್ ಅಂಗಡಿಯ ಗಲ್ಲಾದಲ್ಲಿ ಕೂತವರು, ಇವರಲ್ಲಿ ಹಲವರು ಆ ಗೆರೆಯ ಕೆಳಗೇ.

ಇನ್ನು ಕ್ಯಾಲೆಂಡರ್. ಮೂರರಿಂದ ಐದು ವರ್ಷಕ್ಕೊಮ್ಮೆ ಪ್ರತಿ ನಗರ 'ಕನ್ಸಾಲಿಡೇಟೆಡ್ ಪ್ಲ್ಯಾನ್' ಎಂಬ ದಪ್ಪ ಕಡತ ಬರೆಯುತ್ತದೆ. ಕಚೇರಿಗಳಲ್ಲಿ ಕಾನ್ ಪ್ಲ್ಯಾನ್ ಅನ್ನುತ್ತಾರೆ. ವರಮಾನದ ಶೇ 30ಕ್ಕಿಂತ ಹೆಚ್ಚು ಬಾಡಿಗೆಗೆ ಸುರಿಯುವವರೆಷ್ಟು, ಅರ್ಧಕ್ಕಿಂತ ಹೆಚ್ಚು ಸುರಿಯುವವರೆಷ್ಟು, ಹಾಸಿಗೆಗಳೆಷ್ಟು, ಯಾವುದಕ್ಕೆ ಹೆಚ್ಚಿನ ಆದ್ಯತೆ, ಎಲ್ಲ ಅದರಲ್ಲಿ. ಪ್ರತಿ ವರ್ಷದ ಕ್ರಿಯಾ ಯೋಜನೆ ಆ ಆದ್ಯತೆಗಳೊಳಗೇ ಕೂರಬೇಕು. ಕಾನ್ ಪ್ಲ್ಯಾನಿನ ಗುರಿಗಳಲ್ಲಿ 'ಬಾಡಿಗೆದಾರರನ್ನು ಮನೆಯಿಂದ ಹೊರಬೀಳದಂತೆ ತಡೆಯುವುದು' ಇಲ್ಲದಿದ್ದರೆ ಮೂರನೆಯ ವರ್ಷ ನೀವು ಎಷ್ಟು ಕಣ್ಣೀರಿಟ್ಟರೂ ಸಿಬ್ಬಂದಿ 'ತಿದ್ದುಪಡಿ ಬೇಕು' ಅನ್ನುತ್ತಾರೆ. ತಿದ್ದುಪಡಿಗೆ ಮತ್ತೆ ನೋಟಿಸ್, ಮತ್ತೆ 30 ದಿನ.

ಜುಲೈ 1ಕ್ಕೆ ವರ್ಷ ಶುರುವಾಗುವ ನಗರದಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಅಗತ್ಯಗಳ ವಿಚಾರಣೆ. ಆಸುಪಾಸಿನಲ್ಲೇ ಸಂಸ್ಥೆಗಳಿಗೆ ಅರ್ಜಿ ಕರೆ. ಜನವರಿ-ಫೆಬ್ರವರಿಯಲ್ಲಿ ಸಿಬ್ಬಂದಿ ಅಥವಾ ನಾಗರಿಕರ ಸಮಿತಿ ಅಂಕ ಹಾಕುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಕರಡು, ಅದಕ್ಕೆ ಕನಿಷ್ಠ 30 ದಿನ ಸಾರ್ವಜನಿಕ ಅಭಿಪ್ರಾಯ. ವರ್ಷಾರಂಭಕ್ಕೆ 45 ದಿನ ಮೊದಲು, ಅಂದರೆ ಮೇ ಮಧ್ಯಕ್ಕೆ, ಹಡ್‌ಗೆ ಸಲ್ಲಿಕೆ. ಅದು 45 ದಿನದೊಳಗೆ ತಿರಸ್ಕರಿಸದಿದ್ದರೆ ಒಪ್ಪಿದಂತೆ. ವರ್ಷಕ್ಕೆ ಕನಿಷ್ಠ ಎರಡು ವಿಚಾರಣೆ, ಎರಡು ಬೇರೆ ಹಂತಗಳಲ್ಲಿ ಆಗಬೇಕು. ಕಾನ್ ಪ್ಲ್ಯಾನ್ ಬರೆಯುವ ವರ್ಷ ಅವುಗಳಲ್ಲಿ ಒಂದಾದರೂ ಕರಡು ಹೊರಬೀಳುವ ಮುನ್ನ ಆಗಲೇಬೇಕು. ಕರಡಿಗೆ ಮೊದಲಿನ ವಿಚಾರಣೆಗೆ ಬರುವವರು ಎಷ್ಟು? ಅರ್ಜಿ ಹಾಕಿದ ಸಂಸ್ಥೆಗಳವರು, ಅವರ ಜೊತೆ ಬಂದ ಇಬ್ಬರು ಸ್ವಯಂಸೇವಕರು. ಕುರ್ಚಿಗಳು ಖಾಲಿ. ನಮ್ಮ ಊರುಗಳಲ್ಲಿ ಆಶ್ರಯ ಮನೆಯ ಪಟ್ಟಿ ಓದುವ ದಿನ ಗ್ರಾಮಸಭೆಗೆ ಜನ ನುಗ್ಗಿದಂತೆ ಇಲ್ಲಿ ಯಾರೂ ನುಗ್ಗುವುದಿಲ್ಲ.

ಈ ಕ್ಯಾಲೆಂಡರಿಗೆ ಮೊದಲ ಕಲ್ಲು ಹಾಕುವುದು ವಾಷಿಂಗ್ಟನ್. ಒಕ್ಕೂಟದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಕಾಂಗ್ರೆಸ್ ಆಯವ್ಯಯ ಮುಗಿಸುವುದು ಎಷ್ಟೋ ಸಲ ಮಾರ್ಚ್‌ನಲ್ಲಿ. ಆಮೇಲೆ ಹಡ್ ನಗರವಾರು ಅಂಕಿ ಪ್ರಕಟಿಸಬೇಕು. ನಿಜವಾದ ಅಂಕಿ ಬರುವ ಮುನ್ನವೇ ನಗರಗಳು ಅಂದಾಜಿನ ಮೇಲೆ ಕರಡು ಬರೆಯುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಅತ್ತ ವಾಷಿಂಗ್ಟನ್ ತಡ, ಇತ್ತ ಆಗಸ್ಟ್ 16ರ ಕೊನೇ ಗಡುವು. ಆ ದಿನ ದಾಟಿದರೆ ಆ ವರ್ಷದ ಸಿಡಿಬಿಜಿ ಹಕ್ಕೇ ಹೋಗುತ್ತದೆ. ಒಳ್ಳೆಯ ಕರಡಿನಲ್ಲಿ ಒಂದು ಸಾಲು ಇರುತ್ತದೆ: ಹಣ ಅಂದಾಜಿಗಿಂತ ಹೆಚ್ಚು ಬಂದರೆ ಯಾವುದಕ್ಕೆ ಕೂಡಿಸಬೇಕು, ಕಡಿಮೆ ಬಂದರೆ ಯಾವುದರಿಂದ ಕಳೆಯಬೇಕು. ಅದು ಇಲ್ಲದಿದ್ದರೆ ಕಡಿತದ ಕತ್ತರಿ ಯಾರ ಮೇಲೆ ಬೀಳುತ್ತದೆ ಎಂಬುದು ಬಾಗಿಲು ಹಾಕಿದ ಕೋಣೆಯಲ್ಲಿ ತೀರ್ಮಾನವಾಗುತ್ತದೆ. ಈ ಸಾಲು ಈಗ ಮೊದಲಿಗಿಂತ ಮುಖ್ಯ. 2026ರ ಆಯವ್ಯಯಕ್ಕೆ ಅಧ್ಯಕ್ಷರ ಪ್ರಸ್ತಾವ ಸಿಡಿಬಿಜಿ, ಹೋಮ್ ಎರಡನ್ನೂ ಪೂರ್ತಿ ಕೈಬಿಡಬೇಕೆಂದಿತ್ತು. ಅಂಥ ಪ್ರಸ್ತಾವ ಮೊದಲ ಸಲವೇನಲ್ಲ, 2017ರಲ್ಲೂ ಬಂದಿತ್ತು. ಆಗ ಕಾಂಗ್ರೆಸ್ ಅದನ್ನು ಪಕ್ಕಕ್ಕಿಟ್ಟಿತು.

ಎಲ್ಲಿ ಕೆಡುತ್ತದೆ ಎಂದರೆ, ಅತಿ ಹೆಚ್ಚು ಕೆಡುವುದು ಪರಿಸರ ಪರಿಶೀಲನೆಯಲ್ಲಿ. ಒಕ್ಕೂಟದ ಹಣ ಬಳಸುವ ಯೋಜನೆಗೆ ಪರಿಶೀಲನೆ ಮುಗಿದು ಹಣ ಬಿಡುಗಡೆಯ ಪತ್ರ ಬರುವ ತನಕ ಬೇರೆ ದಾರಿ ಮುಚ್ಚಿಹಾಕುವಂಥ ಯಾವ ಹೆಜ್ಜೆಯನ್ನೂ ಇಡುವಂತಿಲ್ಲ. ಜಾಗ ಕೊಳ್ಳುವಂತಿಲ್ಲ, ಹಳೇ ಕಟ್ಟಡ ಕೆಡವುವಂತಿಲ್ಲ, ಕಾಮಗಾರಿಯ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ. ಲಾಭರಹಿತ ಸಂಸ್ಥೆ ತನ್ನ ಸ್ವಂತ ಹಣದಲ್ಲಿ ಮಾಡಿದರೂ ತಪ್ಪೇ. ಮೋಟೆಲ್ ಮಾರಾಟಕ್ಕಿದೆ, ಮಾಲೀಕ ಅವಸರ ಮಾಡುತ್ತಾನೆ, ಸಂಸ್ಥೆ ಬ್ಯಾಂಕ್ ಸಾಲ ಮಾಡಿ ಕೊಂಡುಬಿಡುತ್ತದೆ. ಅಲ್ಲಿಗೆ ಆ ಯೋಜನೆಗೆ ಒಕ್ಕೂಟದ ಬಾಗಿಲು ಮುಚ್ಚಿತು. ಮುಂದೆ ಕೊಳ್ಳುವ ಹಕ್ಕನ್ನಷ್ಟೇ ಕಾದಿರಿಸುವ ಶರತ್ತಿನ ಆಪ್ಷನ್ ಒಪ್ಪಂದ ಮಾಡಿಕೊಂಡು ಕಾಯುವ ದಾರಿ ಇತ್ತು. ಅದನ್ನು ಅವರಿಗೆ ಹೇಳಬೇಕಾದ ಸಿಬ್ಬಂದಿಯನ್ನು ಯಾರೂ ಮೊದಲು ಕೇಳಿರುವುದಿಲ್ಲ. ಹೊಸ ಅಪಾರ್ಟ್‌ಮೆಂಟ್‌ಗೆ ಪೂರ್ಣ ಮೌಲ್ಯಮಾಪನ ಬೇಕು: ಪ್ರವಾಹ ವಲಯ, ನೆಲದೊಳಗಿನ ವಿಷ, ಹತ್ತಿರದ ಗ್ಯಾಸ್ ಟ್ಯಾಂಕ್, ಶಬ್ದ. ರೈಲು ಹಳಿ ಅಥವಾ ಹೆದ್ದಾರಿಯಿಂದ ದಿನದ ಸರಾಸರಿ ಶಬ್ದ 65 ಡೆಸಿಬಲ್ ದಾಟಿದರೆ ತಡೆಯುವ ಕ್ರಮ ತೋರಿಸಬೇಕು. ಕೊನೆಗೆ ಸ್ಥಳೀಯ ನೋಟಿಸ್‌ಗೆ 15 ದಿನ, ಆಮೇಲೆ ಹಡ್‌ನಲ್ಲಿ ಆಕ್ಷೇಪಣೆಗೆ 15 ದಿನ. ಕ್ಯಾಲಿಫೋರ್ನಿಯಾದ ಸೀಕ್ವಾ ಎಂಬ ಪರಿಸರ ಪರಿಶೀಲನೆ ಮುಗಿಸಿದ್ದೇವಲ್ಲ ಎಂದು ಹಲವರು ನಿಶ್ಚಿಂತರಾಗುತ್ತಾರೆ. ಅದು ರಾಜ್ಯದ ಕಾನೂನು, ಇದು ಒಕ್ಕೂಟದ್ದು. ಒಂದಕ್ಕೆ ಇನ್ನೊಂದು ಬದಲಿಯಲ್ಲ.

ಹೀಗೆ ಒಂದು ದೊಡ್ಡ ಯೋಜನೆ ನಿಂತರೆ ಇನ್ನೊಂದು ಗಡಿಯಾರ ಬಡಿಯಲು ಶುರು. ವರ್ಷ ಮುಗಿಯಲು 60 ದಿನ ಇರುವಾಗ ನಗರದ ಖಾತೆಯಲ್ಲಿ ಖರ್ಚಾಗದ ಸಿಡಿಬಿಜಿ ಹಣ ವಾರ್ಷಿಕ ಅನುದಾನದ ಒಂದೂವರೆ ಪಟ್ಟು ದಾಟಿರಬಾರದು. ಜುಲೈ ನಗರಗಳಿಗೆ ಆ ದಿನ ಮೇ ತಿಂಗಳ ಮೊದಲಲ್ಲಿ ಬರುತ್ತದೆ. ನಮ್ಮ ಉದಾಹರಣೆಯ ನಗರಕ್ಕೆ ಮಿತಿ 30 ಲಕ್ಷ. ದಾಟಿ, ಮುಂದಿನ ವರ್ಷವೂ ಸರಿಪಡಿಸದಿದ್ದರೆ ಹಡ್ ಅನುದಾನ ಕತ್ತರಿಸಬಹುದು. ಆ ಹೆದರಿಕೆಗೆ ಏಪ್ರಿಲ್‌ನಲ್ಲಿ ಏನಾಗುತ್ತದೆ? ಮನೆಗೆಂದು ಇಟ್ಟ ಹಣ ಕಾಲುದಾರಿ, ಪಾರ್ಕಿನ ಆಟದ ಸಾಮಾನು, ಗಾಲಿಕುರ್ಚಿಯ ಇಳಿಜಾರುಗಳಿಗೆ ಹರಿಯುತ್ತದೆ. ಅವು ಕೆಟ್ಟ ಕೆಲಸಗಳೆಂದಲ್ಲ, ಇಳಿಜಾರು ಬೇಕೇ ಬೇಕು. ಆದರೆ ಬೇಗ ಮುಗಿಯುತ್ತವೆ ಎಂಬುದೊಂದೇ ಅವುಗಳ ಆಯ್ಕೆಗೆ ಕಾರಣ. ನಿಮ್ಮ ನಗರದಲ್ಲಿ ವಸತಿಯ ಹಣ ಪ್ರತಿ ವಸಂತದಲ್ಲಿ ಕಾಂಕ್ರೀಟಾಗುತ್ತಿದ್ದರೆ ಯಾರದೋ ಪಿತೂರಿ ಎಂದುಕೊಳ್ಳುವ ಮುನ್ನ ಖಾತೆಯ ಅನುಪಾತ ಕೇಳಿ. ಅದನ್ನು ತಿಂಗಳು ತಿಂಗಳೂ ನೋಡುವ ಒಬ್ಬ ನೌಕರ ಅಲ್ಲಿ ಇದ್ದೇ ಇರುತ್ತಾನೆ.

ಕೂಲಿಯ ನಿಯಮ ಇನ್ನೊಂದು ಗುಂಡಿ. ಎಂಟು ಅಥವಾ ಹೆಚ್ಚು ಮನೆಗಳ ಕಟ್ಟಡದ ಕಾಮಗಾರಿಗೆ ಸಿಡಿಬಿಜಿ ಹಾಕಿದರೆ ಡೇವಿಸ್-ಬೇಕನ್ ಕಾಯ್ದೆಯಡಿ ಒಕ್ಕೂಟ ನಿಗದಿ ಮಾಡುವ ಕೂಲಿ ದರ ಇಡೀ ಕಾಮಗಾರಿಗೆ ಅನ್ವಯ. ಹೋಮ್‌ನಲ್ಲಿ ಆ ಗೆರೆ ಹೋಮ್ ನೆರವು ಪಡೆದ 12 ಮನೆ. 50,000 ಡಾಲರ್ ಸಿಡಿಬಿಜಿಯನ್ನು ದೊಡ್ಡ ಕಟ್ಟಡದ ಚಾವಣಿ ದುರಸ್ತಿಗೆ ಕೊಟ್ಟು, ವಾರವಾರದ ಕೂಲಿ ಪಟ್ಟಿ ತಪಾಸಣೆಯ ಹೊರೆ ತಲೆಗೆ ಕಟ್ಟಿಕೊಳ್ಳುವ ನಗರಗಳಿವೆ. ಕೂಲಿಗಾರನಿಗೆ ನ್ಯಾಯದ ಕೂಲಿ ಸಿಗಲಿ, ಅದರಲ್ಲಿ ನಮಗೆ ಎರಡನೇ ಮಾತಿಲ್ಲ. ಒಕ್ಕೂಟದ ಹಣವನ್ನು ಹತ್ತು ಕಟ್ಟಡಕ್ಕೆ ಚೂರುಚೂರು ಮಾಡಿ ಚಿಮುಕಿಸಬೇಡಿ, ಒಂದೆರಡು ಕಡೆ ಗಟ್ಟಿಯಾಗಿ ಹಾಕಿ ಎನ್ನುವುದಷ್ಟೇ ಮಾತು.

ಇಎಸ್‌ಜಿ ಸಣ್ಣ ಊರುಗಳಿಗೆ ನೇರವಾಗಿ ಬರುವುದಿಲ್ಲ, ರಾಜ್ಯದ ಮೂಲಕ ಬರುತ್ತದೆ. ಬಂದಲ್ಲಿ ಪ್ರತಿ ಡಾಲರಿಗೆ ಇನ್ನೊಂದು ಡಾಲರ್ ಸೇರಿಸಬೇಕು. ಶೆಲ್ಟರ್ ಮತ್ತು ಬೀದಿ ಸಂಪರ್ಕಕ್ಕೆ ಸಾಮಾನ್ಯವಾಗಿ ಶೇ 60 ಮಿತಿ; ಉಳಿದದ್ದು ಮನೆ ಕಳೆದುಕೊಳ್ಳದಂತೆ ತಡೆಯಲು, ಕಳೆದುಕೊಂಡವರನ್ನು ಬೇಗ ಬಾಡಿಗೆ ಮನೆಗೆ ಸೇರಿಸಲು. ತೊಡಕು ಎಲ್ಲಿದೆಯೆಂದರೆ, ಆ ಬಾಡಿಗೆ ಹಡ್ ಪ್ರಕಟಿಸುವ ನ್ಯಾಯಬಾಡಿಗೆಯ ಮಿತಿ ದಾಟುವಂತಿಲ್ಲ. ಮಾರುಕಟ್ಟೆ ಆ ಮಿತಿಗಿಂತ ಮುಂದೆ ಓಡುವ ಊರಿನಲ್ಲಿ ಕೈಯಲ್ಲಿ ಹಣ ಹಿಡಿದುಕೊಂಡೂ ಮನೆ ಸಿಗದೆ 24 ತಿಂಗಳ ಗಡುವು ಕಳೆಯುತ್ತದೆ. ಖಾಲಿ ಯೂನಿಟ್ ಇಟ್ಟುಕೊಂಡಿರುವ ನಮ್ಮವರೇ ಎಷ್ಟೋ ಜನರಿದ್ದಾರೆ. ನೀವು ಮನೆ ಮಾಲೀಕರಾಗಿದ್ದರೆ ಈ ಕಾರ್ಯಕ್ರಮದ ಬಾಡಿಗೆದಾರರನ್ನು ತೆಗೆದುಕೊಳ್ಳುವುದು ಹೇಗೆಂದು ಕೌಂಟಿಯಲ್ಲಿ ವಿಚಾರಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ನೆರವು ಇದೆ ಎಂಬ ಕಾರಣಕ್ಕೆ ಅರ್ಜಿದಾರರನ್ನು ತಿರಸ್ಕರಿಸುವುದು ಕಾನೂನುಬಾಹಿರ ಕೂಡ.

ಜನವರಿಯ ಕೊನೆಯ ಹತ್ತು ದಿನಗಳಲ್ಲಿ ಒಂದು ರಾತ್ರಿ ನಡೆಯುವ ಗಣತಿಯ ಬಗ್ಗೆಯೂ ಒಂದು ಮಾತು. ಅದನ್ನು ನಡೆಸುವುದು ನಗರವಲ್ಲ, 'ಕಂಟಿನ್ಯುಅಮ್ ಆಫ್ ಕೇರ್' ಎಂಬ ಪ್ರಾದೇಶಿಕ ಸಂಸ್ಥೆಗಳ ಕೂಟ. ಸಾಮಾನ್ಯವಾಗಿ ಕೌಂಟಿ ಮಟ್ಟದ್ದು. ಹಡ್‌ನಿಂದ ಬರುವ ವಸತಿಹೀನರ ಹಣದ ದೊಡ್ಡ ಗಂಟು ಸ್ಪರ್ಧೆಯ ಮೂಲಕ ಬರುವುದೂ ಅದಕ್ಕೇ. ಆ ರಾತ್ರಿ ಬೀದಿ, ವಾಹನ, ಶೆಲ್ಟರ್‌ಗಳಲ್ಲಿ ಇದ್ದವರು ಮಾತ್ರ ಎಣಿಕೆಗೆ. ನಂಟರ ಮನೆಯ ಹಜಾರದಲ್ಲಿ ಮಕ್ಕಳನ್ನು ಮಲಗಿಸಿಕೊಂಡ ಕುಟುಂಬ ಈ ಲೆಕ್ಕದಲ್ಲಿಲ್ಲ. ಆದರೆ ಶಾಲಾ ಜಿಲ್ಲೆಯ ಲೆಕ್ಕದಲ್ಲಿದೆ, ಅಲ್ಲಿ ವ್ಯಾಖ್ಯೆ ಬೇರೆ. ಹಾಗಾಗಿ ಕೌನ್ಸಿಲ್‌ನಲ್ಲಿ 'ನಮ್ಮ ಊರಿನಲ್ಲಿ ಮನೆಯಿಲ್ಲದವರು ಇಷ್ಟೇ' ಎಂದು ಯಾರಾದರೂ ಹೇಳಿದರೆ ಶಾಲಾ ಜಿಲ್ಲೆಯ ಸಂಖ್ಯೆಯನ್ನೂ ಪಕ್ಕದಲ್ಲಿಡಿ ಎಂದು ಕೇಳಿ. ಎರಡರ ಅಂತರ ನೋಡಿದ ಮೇಲೆ ಚರ್ಚೆಯ ದನಿ ಬದಲಾಗುತ್ತದೆ.

ವರ್ಷ ಮುಗಿದ 90 ದಿನದೊಳಗೆ ನಗರ ಏನು ಮಾಡಿತು ಎಂಬ ವರದಿ ಬರುತ್ತದೆ, ಕೇಪರ್ ಎನ್ನುತ್ತಾರೆ. ಅದಕ್ಕೆ ಅಭಿಪ್ರಾಯದ ಅವಧಿ ಬರೀ 15 ದಿನ, ಸೆಪ್ಟೆಂಬರ್‌ನ ಆಸುಪಾಸು. ನಮ್ಮ ಪ್ರಕಾರ ಸಾಮಾನ್ಯ ಓದುಗರಿಗೆ ಅತ್ಯಂತ ಉಪಯುಕ್ತ ಕಡತ ಇದೇ. ಕ್ರಿಯಾ ಯೋಜನೆಯಲ್ಲಿ ಹೇಳಿದ ಗುರಿ ಒಂದು ಕಾಲಂನಲ್ಲಿ, ಆದದ್ದು ಪಕ್ಕದ ಕಾಲಂನಲ್ಲಿ. 'ಬಾಡಿಗೆ ಮನೆ ನಿರ್ಮಾಣ: ಗುರಿ 40, ಆದದ್ದು 0' ಎಂದು ಮೂರು ವರ್ಷ ಸತತ ಕಂಡರೆ, ಅಲ್ಲಿಂದ ಶುರು ಮಾಡಿ. ಸೇವೆಗಳ ಸಾಲಿನಲ್ಲಿ ಸಂಖ್ಯೆ ಸಾವಿರಗಳಲ್ಲಿ ಇದ್ದರೆ ಒಬ್ಬರೇ ಎಷ್ಟು ಸಲ ಎಣಿಕೆಯಾಗಿದ್ದಾರೆ ಎಂದು ಕೇಳಿ.

ಮಾತಾಡಲು ನೀವು ಮತದಾರರಾಗಿರಬೇಕಿಲ್ಲ. ಎಚ್-1ಬಿಯಲ್ಲಿರುವವರು, ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವವರು, ಮಕ್ಕಳ ಜೊತೆ ಇರಲು ಬಂದ ಹಿರಿಯರು, ಊರಿನ ನಿವಾಸಿ ಎಂದಷ್ಟೇ ಹೇಳಿ ಬರೆಯಬಹುದು. ಇಂಗ್ಲಿಷ್ ಬಾರದವರು ಗಣನೀಯ ಸಂಖ್ಯೆಯಲ್ಲಿ ಬರುವ ನಿರೀಕ್ಷೆಯಿದ್ದರೆ ಅವರಿಗೆ ಏನು ಏರ್ಪಾಡು ಎಂಬುದನ್ನು ನಗರ ತನ್ನ ನಾಗರಿಕ ಭಾಗವಹಿಸುವಿಕೆ ಯೋಜನೆಯಲ್ಲಿ ಬರೆದಿರಬೇಕು. ಲಿಖಿತ ದೂರಿಗೆ ಸಾಧ್ಯವಾದಲ್ಲಿ 15 ಕೆಲಸದ ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು.

ಮೈಕಿನ ಮೂರು ನಿಮಿಷಕ್ಕಿಂತ ಒಂದು ಪುಟದ ಇ-ಮೇಲ್ ಹೆಚ್ಚು ಕೆಲಸ ಮಾಡುತ್ತದೆ. ಕಾರಣ ಸರಳ. ಬಂದ ಅಭಿಪ್ರಾಯಗಳ ಸಾರಾಂಶವನ್ನೂ, ಒಪ್ಪದೇ ಬಿಟ್ಟದ್ದಕ್ಕೆ ಕಾರಣವನ್ನೂ ನಗರ ಅಂತಿಮ ಯೋಜನೆಗೆ ಲಗತ್ತಿಸಿ ಹಡ್‌ಗೆ ಕಳಿಸಲೇಬೇಕು. ಭಾಷಣಕ್ಕೆ 'ನಿವಾಸಿಯೊಬ್ಬರು ವಸತಿಯ ಬಗ್ಗೆ ಕಳವಳ ವ್ಯಕ್ತಪಡಿಸಿದರು' ಎಂಬ ಒಂದು ಸಾಲು ಸಾಕು. 'ಖಾತೆಯ ಅನುಪಾತ ಈಗ ಎಷ್ಟು, ಶೆಲ್ಟರ್‌ನ ಮೂರನೆಯ ವರ್ಷದ ನಿರ್ವಹಣೆ ಯಾವ ಖಾತೆಯಿಂದ, ಕಳೆದ ಮೂರು ಕೇಪರ್‌ಗಳಲ್ಲಿ ಬಾಡಿಗೆ ಮನೆಯ ಗುರಿ ಏಕೆ ಮುಟ್ಟಲಿಲ್ಲ' ಎಂದು ಬರೆದರೆ ಆ ಒಂದು ಸಾಲು ಸಾಲದು, ಯಾರಾದರೂ ಕೂತು ಉತ್ತರ ಬರೆಯಬೇಕಾಗುತ್ತದೆ. ಸಿಟಿ ಕ್ಲರ್ಕ್ ಪುಟದಲ್ಲಿ ಅಕ್ಟೋಬರ್‌ನಿಂದಲೇ ಅಗತ್ಯಗಳ ವಿಚಾರಣೆಯ ನೋಟಿಸ್‌ಗೆ ಕಣ್ಣಿಟ್ಟಿರಿ. ಮೇ ಕಳೆದ ಮೇಲೆ ಅಂತಿಮ ಯೋಜನೆಯ ಕೊನೆಯ ಅನುಬಂಧ ತೆರೆದು ನಿಮ್ಮ ಪ್ರಶ್ನೆ ಅಲ್ಲಿದೆಯೇ, ಅದರ ಕೆಳಗೆ ಏನು ಬರೆದಿದ್ದಾರೆ, ಓದಿ.

ವಂದನೆಗಳೊಂದಿಗೆ,
ವಸತಿ ಅನುದಾನದ ಕೆಲಸ ಬಲ್ಲ ಕೆಲವು ಕನ್ನಡಿಗರು